ಐಗುಪ್ತಕ್ಕೆ ಹೋಗುವ ಮೊದಲು ಸಂಗನಕಲ್ಲಿಗೆ ಹೋಗಿ ಬನ್ನಿ

ಯೌವನಸ್ಥರ ಕೂಟ, ಬಳ್ಳಾರಿ. ವಾಕ್ಯಪಾಠದ ಬರಹರೂಪ.

ಓದಬೇಕಾದ ಭಾಗಗಳು: ಧರ್ಮೋಪದೇಶಕಾಂಡ 23:7, ಅಪೊಸ್ತಲರ ಕೃತ್ಯಗಳು 17:16-23 ಮತ್ತು 19:37, ಇಬ್ರಿಯರಿಗೆ 11:22

ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಇನ್ನೂ ಕುರ್ಚಿ ಖಾಲಿ ಇವೆ.

ಈ ದಿನದ ಪಾಠ ಒಂದು ಪ್ರಶ್ನೆಯಿಂದ ಶುರುವಾಯಿತು. ಎರಡು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಸಭೆಯ ಒಬ್ಬ ತಂಗಿ ಫೋನ್ ಮಾಡಿದಳು. "ಪಾಸ್ಟರ್, ದುಡ್ಡು ಕೂಡಿಟ್ಟಿದ್ದೀನಿ. ಈಜಿಪ್ಟಿಗೆ ಹೋಗಿ ಪಿರಮಿಡ್ ನೋಡಬೇಕು, ಲಕ್ಸರ್ ನೋಡಬೇಕು ಅಂತ ಆಸೆ. ಆದ್ರೆ ನಮ್ಮ ಪ್ರೇಯರ್ ಗ್ರೂಪಿನ ಅಕ್ಕ ಒಬ್ಬರು, ಐಗುಪ್ತದಿಂದ ಬಿಡಿಸಿಕೊಂಡು ಬಂದವರು ಮತ್ತೆ ಯಾಕೆ ಐಗುಪ್ತಕ್ಕೆ ಹೋಗ್ತೀಯಾ ಅಂದ್ರು. ಹೋಗಬಹುದಾ, ಬೇಡವಾ?" ಅಂತ ಕೇಳಿದಳು.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಅವಳಿಗೆ ಹೇಳಿದ್ದು ಇಷ್ಟೇ: "ದಸರಾ ರಜೆಗೆ ಊರಿಗೆ ಬರ್ತೀಯಲ್ಲ, ಆಗ ಒಂದು ದಿನ ಎಲ್ಲರೂ ಸೇರಿ ನಮ್ಮ ಜಿಲ್ಲೆಯ ಹಳೇ ಜಾಗ ನೋಡೋಣ. ಆಮೇಲೆ ವಾಕ್ಯ ತೆಗೆದು ಕೂತ್ಕೊಳ್ಳೋಣ." ನಿಮ್ಮಲ್ಲಿ ಹದಿನಾರು ಜನ ಆ ಟಿಟಿ ಗಾಡಿಯಲ್ಲಿ ಬಂದಿದ್ರಿ. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿಂದು ಸಂಗನಕಲ್ಲು, ಮಧ್ಯಾಹ್ನ ಕುರುಗೋಡು, ಸಂಜೆ ತೆಕ್ಕಲಕೋಟೆ ಮೇಲೆ ಸಿರುಗುಪ್ಪ. ಬರದೇ ಇದ್ದವರಿಗಾಗಿ ಅದೇ ದಾರಿಯಲ್ಲಿ ಇನ್ನೊಂದು ಸಲ ಹೋಗಿ ಬರೋಣ. ಬಂದವರಿಗೂ ಒಂದು ವಿಷಯ ಹೊಸದು. ಆ ದಿನ ನಾನು ಬಾಯಿ ಬಿಟ್ಟು ಹೇಳದೇ ಇದ್ದ ಒಂದು ಸಂಗತಿ ಇದೆ. ಇವತ್ತು ಅದನ್ನು ದೇವರ ಮುಂದೆ, ನಿಮ್ಮ ಮುಂದೆ ಹೇಳಲೇಬೇಕು.

1. ಐಗುಪ್ತದ ಬಗ್ಗೆ ವಾಕ್ಯ ಏನು ಹೇಳುತ್ತದೆ?

ನಮ್ಮ ಸಭೆಗಳಲ್ಲಿ "ಐಗುಪ್ತ" ಅಂದ ಕೂಡಲೇ ಲೋಕ, ಪಾಪ, ದಾಸತ್ವ ಅಂತ ಅರ್ಥ ಮಾಡುತ್ತೇವೆ. ಆ ಅರ್ಥ ಸುಳ್ಳಲ್ಲ. ಆದರೆ ಸತ್ಯವೇದ ಪೂರ್ತಿ ಓದಿದರೆ ಐಗುಪ್ತಕ್ಕೆ ಒಂದೇ ಮುಖ ಇಲ್ಲ.

ಬರ ಬಂದಾಗ ಅಬ್ರಹಾಮನು ಇಳಿದು ಹೋದದ್ದು ಐಗುಪ್ತಕ್ಕೆ (ಆದಿಕಾಂಡ 12). ಅಣ್ಣಂದಿರು ಮಾರಿಬಿಟ್ಟ ಯೋಸೇಫನನ್ನು ದೇವರು ಎತ್ತಿ ನಿಲ್ಲಿಸಿದ್ದು ಐಗುಪ್ತದಲ್ಲಿ. ಮೋಶೆಯು ಐಗುಪ್ತ್ಯರ ಎಲ್ಲ ವಿದ್ಯೆಯಲ್ಲಿ ತರಬೇತಿ ಹೊಂದಿದ್ದನೆಂದು ಸ್ತೆಫನನು ಸಾಕ್ಷಿ ಹೇಳುತ್ತಾನೆ (ಅಪೊಸ್ತಲರ ಕೃತ್ಯಗಳು 7:22). ಹೆರೋದನ ಕತ್ತಿಯಿಂದ ಕೂಸು ಯೇಸುವನ್ನು ಉಳಿಸಲು ಯೋಸೇಫ ಮತ್ತು ಮರಿಯಳು ರಾತ್ರೋರಾತ್ರಿ ಓಡಿದ್ದೂ ಅಲ್ಲಿಗೇ (ಮತ್ತಾಯ 2). ನಮ್ಮ ಕರ್ತನು ನಿರಾಶ್ರಿತನಾಗಿ ಉಂಡದ್ದು ಐಗುಪ್ತದ ಅನ್ನ! ಯೆಶಾಯ 19ರ ಕೊನೆಗೆ ಬನ್ನಿ. ಒಂದು ದಿನ ದೇವರು ಐಗುಪ್ತವನ್ನು ತನ್ನ ಪ್ರಜೆ ಎಂದು ಕರೆದು ಆಶೀರ್ವದಿಸುವನೆಂದು ಪ್ರವಾದಿ ನುಡಿಯುತ್ತಾನೆ.

ಈಗ ನಮ್ಮ ಆಧಾರ ವಾಕ್ಯ, ಧರ್ಮೋಪದೇಶಕಾಂಡ 23:7. ನಾನೂರು ವರ್ಷ ಅಲ್ಲಿದ್ದು, ಬೆನ್ನ ಮೇಲೆ ಬಾಸುಂಡೆ ಹೊತ್ತು, ಗಂಡುಕೂಸುಗಳನ್ನು ನದಿಗೆ ಕಳಕೊಂಡು ಬಂದ ಜನರಿಗೆ ದೇವರು ಹೇಳುವ ಮಾತು ನೋಡ್ರಿ: ಐಗುಪ್ತ್ಯನನ್ನು ಅಸಹ್ಯವಾಗಿ ಕಾಣಬಾರದು. ಯಾಕೆ? ಅವನ ದೇಶದಲ್ಲಿ ನೀವು ಪರದೇಶಿಗಳಾಗಿ ಬದುಕಿದ್ದೀರಿ. ಐಗುಪ್ತದ ದೇವರುಗಳಿಗೆ ಅಡ್ಡಬೀಳಬೇಡ ಎಂದ ಅದೇ ದೇವರು, ಐಗುಪ್ತದ ಮನುಷ್ಯನನ್ನು ಹೀನಾಯವಾಗಿ ನೋಡಬೇಡ ಎಂದೂ ಹೇಳಿದನು. ಈ ಎರಡು ಆಜ್ಞೆಗಳಲ್ಲಿ ಒಂದನ್ನು ಮಾತ್ರ ಹಿಡಕೊಂಡು ಇನ್ನೊಂದನ್ನು ಬಿಡುವ ಅಧಿಕಾರ ನಮಗಿಲ್ಲ. ಆಮೆನ್ ಹೇಳ್ತೀರಾ?

ಇಲ್ಲಿ ನನ್ನದೊಂದು ತಪ್ಪು ತಿದ್ದಿಕೊಳ್ಳಬೇಕು. ನಿಮ್ಮಲ್ಲಿ ಎಷ್ಟೋ ಜನ ನನ್ನ ಸಂಡೇ ಸ್ಕೂಲಿನಲ್ಲಿ ಕೂತವರು. ಇಸ್ರಾಯೇಲ್ಯರು ಪಿರಮಿಡ್ ಕಟ್ಟಿದರು ಅಂತ ನಾನು ಚಾರ್ಟ್ ಬರೆದು ಕಲಿಸಿದ್ದೆ. ಅದು ವಾಕ್ಯದಲ್ಲಿ ಇಲ್ಲ. ವಿಮೋಚನಕಾಂಡ 1:11ರಲ್ಲಿ ಇರುವುದು ಪಿತೋಮ್, ರಾಮ್ಸೇಸ್ ಎಂಬ ಉಗ್ರಾಣದ ಪಟ್ಟಣಗಳು. ಕೆಲಸ ಇಟ್ಟಿಗೆ ಮತ್ತು ಮಣ್ಣಿನದು. ಗೀಜಾದ ದೊಡ್ಡ ಪಿರಮಿಡ್ ಕಟ್ಟಿಸಿದವನು ಖುಫು ಎಂಬ ಅರಸ, ಸುಮಾರು ಕ್ರಿ.ಪೂ. 2560ರಲ್ಲಿ. ಕಟ್ಟಿದಾಗ ಅದರ ಎತ್ತರ ಸುಮಾರು 146 ಮೀಟರ್, ಕಲ್ಲುಗಳು 23 ಲಕ್ಷದಷ್ಟು. ಮೋಶೆಯ ಕಾಲವನ್ನು ಕೆಲವರು ಕ್ರಿ.ಪೂ. 15ನೇ ಶತಮಾನ ಅನ್ನುತ್ತಾರೆ, ಕೆಲವರು 13ನೇ ಶತಮಾನ ಅನ್ನುತ್ತಾರೆ. ಯಾವುದನ್ನೇ ತೆಗೆದುಕೊಂಡರೂ ಮೋಶೆ ಹುಟ್ಟುವಾಗ ಪಿರಮಿಡ್ಡಿಗೆ ಸಾವಿರ ವರ್ಷ ದಾಟಿತ್ತು. ಗೀಜಾದಲ್ಲಿ 1990ರಿಂದ ಆ ಕೆಲಸಗಾರರ ಸಮಾಧಿಗಳು ಸಿಕ್ಕಿವೆ. ಅರಸನ ಪಿರಮಿಡ್ಡಿನ ಹತ್ತಿರವೇ ಅವರನ್ನು ಮರ್ಯಾದೆಯಿಂದ ಹೂಳಿದ್ದರು, ಸಂಗಡ ರೊಟ್ಟಿ ಮತ್ತು ಪಾನೀಯದ ಪಾತ್ರೆಗಳನ್ನೂ ಇಟ್ಟಿದ್ದರು. ಅವರು ಐಗುಪ್ತದ್ದೇ ಕೂಲಿಕಾರರು, ಕುಶಲಕರ್ಮಿಗಳು.

ಗೊತ್ತಿಲ್ಲದೇ ಹೇಳಿದರೂ ಸುಳ್ಳು ಸುಳ್ಳೇ. ಸತ್ಯವೇದವನ್ನು ದೊಡ್ಡದು ಮಾಡಲು ನಮ್ಮ ಕಟ್ಟುಕಥೆ ಬೇಕಾಗಿಲ್ಲ.

2. ಸಂಗನಕಲ್ಲು: ಹೆಸರಿಲ್ಲದವರ ಗುಡ್ಡ

ಬಳ್ಳಾರಿ ಊರು ದಾಟಿದ ಸ್ವಲ್ಪ ಹೊತ್ತಿಗೇ ಸಂಗನಕಲ್ಲು, ಕಪ್ಗಲ್ಲು ಗುಡ್ಡಗಳು ಸಿಗುತ್ತವೆ. ದಿನಾ ಬೈಕಿನಲ್ಲಿ ಪಕ್ಕದಲ್ಲೇ ಹೋಗುತ್ತೀರಿ, ತಲೆ ಎತ್ತಿ ನೋಡಿಲ್ಲ. ನಾನೂ ಬಹಳ ವರ್ಷ ನೋಡಿರಲಿಲ್ಲ.

ಖುಫು ಅರಸ ಗೀಜಾದಲ್ಲಿ ಕಲ್ಲಿನ ಮೇಲೆ ಕಲ್ಲು ಏರಿಸುತ್ತಿದ್ದ ಕಾಲದಲ್ಲಿ ನಮ್ಮ ಈ ಬಯಲುಸೀಮೆ ಖಾಲಿ ಇರಲಿಲ್ಲ. ಕ್ರಿ.ಪೂ. 3000ದ ನಂತರದ ಶತಮಾನಗಳಲ್ಲಿ ಇಲ್ಲಿ ದನ ಕಾಯುವ ಜನ ಬದುಕಿದ್ದರು. ದನಗಳ ಸಗಣಿಯನ್ನು ವರ್ಷಗಟ್ಟಲೆ ಗುಡ್ಡೆ ಹಾಕಿ ಸುಟ್ಟರು. ಆ ಬೂದಿ ಗಟ್ಟಿಯಾಗಿ ದಿಬ್ಬಗಳಾದವು. ಕಪ್ಗಲ್ಲಿನಲ್ಲಿ, ಕುಡಿತಿನಿಯಲ್ಲಿ ಇರುವ ಬೂದಿದಿಬ್ಬಗಳು ಇವೇ. ಐಗುಪ್ತ್ಯರು ಕಲ್ಲಿನ ಬೆಟ್ಟ ಕಟ್ಟಿದರು, ನಮ್ಮವರು ಸಗಣಿಯ ಬೂದಿಯ ಬೆಟ್ಟ ಬಿಟ್ಟುಹೋದರು. ನಗಬೇಡಿ. ಎರಡೂ ಇನ್ನೂ ನಿಂತಿವೆ.

19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಜಿಲ್ಲೆಯನ್ನೆಲ್ಲ ಸುತ್ತಿ, ಇಲ್ಲಿನ ಕಲ್ಲಿನ ಆಯುಧಗಳನ್ನು ಗುರುತಿಸಿದರು. ಬಳ್ಳಾರಿಯ ವಸ್ತುಸಂಗ್ರಹಾಲಯಕ್ಕೆ ಅವರದೇ ಹೆಸರಿದೆ, ಹೋಗಿ ನೋಡಿ. ಆಮೇಲೆ 1940ರ ದಶಕದಿಂದ ಇತ್ತೀಚಿನವರೆಗೆ ಹಲವು ಸಲ ಇಲ್ಲಿ ಉತ್ಖನನ ನಡೆದಿದೆ. ಇಲ್ಲಿನ ಹಿರೇಗುಡ್ಡದ ಕಪ್ಪು ಕಲ್ಲಿನಿಂದ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು. ಕಲ್ಲನ್ನು ಒಡೆಯುವುದು, ರೂಪ ಕೊಡುವುದು, ಬಂಡೆಯ ಮೇಲೆ ತಿಕ್ಕಿ ನುಣುಪು ಮಾಡುವುದು. ತಿಕ್ಕಿದ ಗುಳಿಗಳಲ್ಲಿ ಈಗಲೂ ಕೈ ಇಡಬಹುದು. ಹೊಲದಲ್ಲಿ ಹುರುಳಿ, ಹೆಸರು, ಕೊರಲೆ ಬೆಳೆಯುತ್ತಿದ್ದರು. ನಿಮ್ಮ ಅಜ್ಜಿ ಮಾಡಿದ ಹುರುಳಿಸಾರಿನ ವಂಶಾವಳಿ ಎಲ್ಲಿಗೆ ಹೋಗುತ್ತದೆ ನೋಡಿ! ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ಎತ್ತುಗಳನ್ನು ಕುಟ್ಟಿ ಕುಟ್ಟಿ ಚಿತ್ರ ಮಾಡಿದ್ದಾರೆ.

ಗೀಜಾದಲ್ಲಿ ಅರಸನ ಹೆಸರು ಗೊತ್ತು. ಇಲ್ಲಿ ಒಬ್ಬನ ಹೆಸರೂ ಗೊತ್ತಿಲ್ಲ. ಆದರೆ ಮೋಶೆಯು ಮಿದ್ಯಾನಿನಲ್ಲಿ ಕುರಿ ಕಾಯುತ್ತಿದ್ದಾಗ ಹಿರೇಗುಡ್ಡದ ಮೇಲೆ ಯಾರೋ ಒಬ್ಬ ಅಪ್ಪ ತನ್ನ ಮಗನಿಗೆ ಕೊಡಲಿ ತಿಕ್ಕುವುದನ್ನು ಕಲಿಸುತ್ತಿದ್ದ. ಇಬ್ಬರನ್ನೂ ದೇವರು ನೋಡುತ್ತಿದ್ದನು. ಅಪೊಸ್ತಲರ ಕೃತ್ಯಗಳು 17:26ರಲ್ಲಿ ಪೌಲನು ಹೇಳುವುದೇನು? ಒಬ್ಬನಿಂದಲೇ ಎಲ್ಲ ಜನಾಂಗಗಳನ್ನು ಉಂಟುಮಾಡಿ, ಅವರವರ ಕಾಲವನ್ನೂ ನೆಲದ ಮೇರೆಯನ್ನೂ ಗೊತ್ತುಮಾಡಿದವನು ದೇವರು. ಆ ಲೆಕ್ಕದಲ್ಲಿ ಸಂಗನಕಲ್ಲಿನ ಜನರೂ ಸೇರಿದ್ದಾರೆ.

ಇನ್ನೊಂದು ಮಾತು. ಸಂಜೆ ನಾವು ನಿಂತ ತೆಕ್ಕಲಕೋಟೆ ಸಿರುಗುಪ್ಪ ತಾಲೂಕಿನದು. ಅಲ್ಲಿ 1960ರ ದಶಕದಲ್ಲಿ ಅಗೆದಾಗ ಅದೇ ಕಾಲದ ಜನರ ಮನೆಗಳ ನೆಲ ಸಿಕ್ಕಿತು, ಚಿನ್ನದ ಸಣ್ಣ ಒಡವೆಗಳೂ ಸಿಕ್ಕವು. ಸತ್ತ ಕೂಸುಗಳನ್ನು ಮಡಕೆಯಲ್ಲಿಟ್ಟು ಹೂಳಿದ್ದೂ ಸಿಕ್ಕಿತು. ಅದನ್ನು ನಾನು ಹೇಳಿದಾಗ ನಮ್ಮ ಒಬ್ಬ ತಂಗಿ ಪಕ್ಕಕ್ಕೆ ಹೋಗಿ ನಿಂತಳು. ಅವಳ ಮನೆಯಲ್ಲಿ ಹೋದ ವರ್ಷ ಏನಾಯಿತು ಅಂತ ನಮಗೆಲ್ಲ ಗೊತ್ತು. ಐಗುಪ್ತದವರು ಅರಸನ ದೇಹಕ್ಕೆ ಎಪ್ಪತ್ತು ದಿನ ಕೂತು ಸುಗಂಧ ಹಚ್ಚಿದರು. ನಮ್ಮ ತೆಕ್ಕಲಕೋಟೆಯ ತಾಯಿಗೆ ಇದ್ದದ್ದು ಒಂದು ಮಣ್ಣಿನ ಗಡಿಗೆ. ಆದರೆ ಪ್ರೀತಿಯಲ್ಲಿ ಕಡಿಮೆ ಇತ್ತು ಅಂತ ಯಾರು ಹೇಳಬಲ್ಲರು? ಮನುಷ್ಯ ಯಾವ ಕಾಲದಲ್ಲೂ ಸಾವನ್ನು ಸುಮ್ಮನೆ ಒಪ್ಪಿಕೊಂಡಿಲ್ಲ. ಇನ್ನೂ ಏನೋ ಇದೆ ಎಂಬ ಹಂಬಲವನ್ನು ದೇವರೇ ಹೃದಯದಲ್ಲಿ ಇಟ್ಟಿದ್ದಾನೆಂದು ಪ್ರಸಂಗಿ 3:11ರಲ್ಲಿ ಓದುತ್ತೇವೆ. ಹಳೆಯ ಗೋರಿಯ ಮುಂದೆ ವಿಶ್ವಾಸಿ ನಗಬಾರದು. ಪುನರುತ್ಥಾನ ಗೊತ್ತಿರುವವನು ಅಲ್ಲಿ ಮೆಲ್ಲಗೆ ಮಾತಾಡಬೇಕು.

3. ಕುರುಗೋಡು: ಬೇರೆಯವರ ಆರಾಧನೆಯ ಜಾಗದಲ್ಲಿ

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸಿಂದ ವಂಶದ ಅರಸರು ಕುರುಗೋಡಿನಿಂದ ಬಳ್ಳಕುಂದೆ ನಾಡನ್ನು ಆಳಿದರು. ಗುಡ್ಡದ ಮೇಲೆ ಕೋಟೆ, ಕೆಳಗೆ ಕಲ್ಲಿನ ಗುಡಿಗಳು, ಶಾಸನಗಳು. ದೊಡ್ಡಬಸವೇಶ್ವರ ಗುಡಿಯ ಏಕಶಿಲಾ ನಂದಿಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ನಮ್ಮ ಅಕ್ಕಪಕ್ಕದ ಮನೆಯವರು, ನಮ್ಮ ಆಫೀಸಿನವರು, ನಮ್ಮಲ್ಲಿ ಕೆಲವರ ಸ್ವಂತ ಅಜ್ಜ-ಅಜ್ಜಿಯರು ಅಲ್ಲಿಗೆ ನಡೆದುಕೊಳ್ಳುವವರು.

ಗಾಡಿ ನಿಂತಾಗ ಒಬ್ಬ ತಮ್ಮ ಇಳಿಯಲಿಲ್ಲ. "ಪಾಸ್ಟರ್, ನಾನು ಬರಲ್ಲ, ಮನಸ್ಸಾಕ್ಷಿ ಒಪ್ಪಲ್ಲ" ಅಂದ. ನಾನು "ಆಯ್ತಪ್ಪ, ನೀನು ಗಾಡೀಲೇ ಇರು, ತಪ್ಪಿಲ್ಲ" ಅಂದೆ. ಇನ್ನೊಬ್ಬ ಇಳಿದ, ಆದರೆ ರೀಲ್ ಮಾಡಲು ಫೋನ್ ಎತ್ತಿ ತಮಾಷೆ ಶುರು ಮಾಡಿದ. ಅವನ ಫೋನ್ ನಾನೇ ಇಸ್ಕೊಂಡೆ. ಇಬ್ಬರಲ್ಲಿ ನನಗೆ ಗಾಡಿಯಲ್ಲಿ ಕೂತವನ ಬಗ್ಗೆ ಚಿಂತೆ ಆಗಲಿಲ್ಲ. ಅವನು ತನ್ನ ಮನಸ್ಸಾಕ್ಷಿಯನ್ನು ಕಾಯ್ದುಕೊಂಡ, ಯಾರನ್ನೂ ನೋಯಿಸಲಿಲ್ಲ. ತಮಾಷೆ ಮಾಡಿದವನ ಬಗ್ಗೆ ಚಿಂತೆಯಾಯಿತು.

ಪೌಲನನ್ನು ನೋಡಿ. ಅಥೇನೆಯಲ್ಲಿ ವಿಗ್ರಹಗಳನ್ನು ಕಂಡು ಅವನ ಆತ್ಮ ಕುದಿಯಿತು. ಅದು ನಿಜ, ವಾಕ್ಯ ಅದನ್ನು ಮುಚ್ಚಿಡುವುದಿಲ್ಲ. ಆದರೂ ಅವನು ಕಣ್ಣು ಮುಚ್ಚಿಕೊಂಡು ಓಡಲಿಲ್ಲ. ಊರೆಲ್ಲ ತಿರುಗಾಡಿದನು, ಒಂದೊಂದನ್ನೂ ಗಮನಿಸಿ ನೋಡಿದನು, ಒಂದು ಬಲಿಪೀಠದ ಮೇಲಿನ ಬರಹವನ್ನು ನಿಂತು ಓದಿದನು. ಆಮೇಲೆ ಅರಿಯೊಪಾಗದಲ್ಲಿ ಮಾತಾಡುವಾಗ ಆ ಜನರ ಭಕ್ತಿಯನ್ನು ತಾನು ಕಂಡದ್ದರಿಂದಲೇ ಶುರು ಮಾಡಿದನು. ಓದದೇ ಹೋಗಿದ್ದರೆ ಆ ಪ್ರಸಂಗವೇ ಇರುತ್ತಿರಲಿಲ್ಲ. ಅಡ್ಡಬೀಳುವುದು ಬೇರೆ, ಗಮನಿಸಿ ನೋಡುವುದು ಬೇರೆ. ಅಪಹಾಸ್ಯವಂತೂ ಇವೆರಡರಲ್ಲೂ ಸೇರಿದ್ದಲ್ಲ.

ಈಗ ಅಪೊಸ್ತಲರ ಕೃತ್ಯಗಳು 19:37 ತೆಗೆಯಿರಿ. ಎಫೆಸದಲ್ಲಿ ದೊಡ್ಡ ಗಲಾಟೆ. ಅರ್ತೆಮೀ ದೇವಿಯ ಗುಡಿ ಲೋಕದ ಅದ್ಭುತಗಳಲ್ಲಿ ಒಂದು. ಜನ ಎರಡು ತಾಸು ಕೂಗುತ್ತಿದ್ದಾರೆ. ಆಗ ವಿಶ್ವಾಸಿಯಲ್ಲದ ಒಬ್ಬ ಪಟ್ಟಣದ ಅಧಿಕಾರಿ ಎದ್ದು, ನೀವು ಹಿಡಿದು ತಂದ ಈ ಮನುಷ್ಯರು ಗುಡಿಯನ್ನು ದೋಚಿದವರಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಎಂದು ಸಾಕ್ಷಿ ಹೇಳುತ್ತಾನೆ. ಪೌಲನು ಆ ಊರಿನಲ್ಲಿ ಎರಡು ವರ್ಷಕ್ಕೂ ಮೇಲೆ ಸುವಾರ್ತೆ ಸಾರಿದ್ದನು, ಒಂದು ಮಾತನ್ನೂ ಕಡಿಮೆ ಮಾಡಿರಲಿಲ್ಲ. ಆದರೂ ಹೊರಗಿನವನು ಎದ್ದು ಹೀಗೆ ಹೇಳುವ ಹಾಗೆ ಬದುಕಿದ್ದನು.

ಈ ವಾಕ್ಯ ಓದುವಾಗ ನನಗೆ ತಲೆ ಎತ್ತಲು ಆಗುವುದಿಲ್ಲ. ಯಾಕೆ ಅಂತ ಈಗ ಹೇಳ್ತೀನಿ.

4. ನಾನು ಬರೆದ ಅಕ್ಷರಗಳು

ಆಗ ನನಗೆ ಹತ್ತೊಂಬತ್ತು ವರ್ಷ. ದೀಕ್ಷಾಸ್ನಾನ ತಗೊಂಡು ಆರು ತಿಂಗಳು, ಪವಿತ್ರಾತ್ಮನ ಅಭಿಷೇಕ ಹೊಂದಿ ಮೂರು ವಾರ. ಮೈಯೆಲ್ಲ ಬೆಂಕಿ. ಮನೆಗೆ ಸುಣ್ಣಬಣ್ಣ ಮಾಡಿಸಿದಾಗ ಬಿಳಿ ಆಯಿಲ್ ಪೇಂಟಿನ ಒಂದು ಡಬ್ಬಿ ಉಳಿದಿತ್ತು. ಇಬ್ಬರು ಸ್ನೇಹಿತರನ್ನು ಕರಕೊಂಡು ಗುಡ್ಡ ಹತ್ತಿದೆ. ಚೆನ್ನಾಗಿ ಕಾಣುವ ಒಂದು ಕಪ್ಪು ಬಂಡೆ ನೋಡಿ, ಯೇಸು ಬೇಗ ಬರುತ್ತಾನೆ ಅಂತ ಮೊಳದುದ್ದ ಅಕ್ಷರದಲ್ಲಿ ಬರೆದೆ. ಅದರ ಕೆಳಗೆ ನನ್ನ ಹೆಸರಿನ ಮೊದಲ ಅಕ್ಷರವನ್ನೂ ಬರೆದೆ. ಆ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳಿದೆ. ಎಲ್ಲರೂ ಹಲ್ಲೆಲೂಯಾ ಅಂದರು.

ಈ ಸಲ ಗುಡ್ಡ ತೋರಿಸಲು ನಮ್ಮ ಜೊತೆ ಬಂದ ಹುಡುಗ ನೆನಪಿದ್ದಾನಲ್ಲ? ಅದೇ ಕಡೆಯ ಊರಿನವನು, ಡಿಗ್ರಿಯಲ್ಲಿ ಇತಿಹಾಸ ಓದುತ್ತಾನೆ. ಒಂದು ಬಂಡೆಯ ಮುಂದೆ ನಿಂತ. ಪೇಂಟು ಅಲ್ಲಲ್ಲಿ ಚಕ್ಕೆ ಎದ್ದಿದೆ, ಆದರೆ ಓದಲು ಬರುತ್ತದೆ. ಅವನು ನನ್ನ ಕಡೆ ತಿರುಗಿ ಮೆಲ್ಲಗೆ, "ಸರ್, ಯಾರೋ ನಿಮ್ಮೋರೇ ಬರ್ದಾರ ಅನ್ಸುತ್ತ. ದೇವ್ರ ಹೆಸ್ರು, ನಾ ಏನೂ ಅನ್ನಲ್ಲ ಸರ್. ಆದ್ರ ಕೆಳಗ ಒಂದು ಗೂಳಿ ಐತಿ" ಅಂದ.

ಬಗ್ಗಿ ನೋಡಿದೆ. ಬೆಳಗಿನ ಓರೆ ಬಿಸಿಲಿಗೆ ಕೊಂಬು ಕಾಣಿಸಿತು. ಡುಬ್ಬ ಕಾಣಿಸಿತು. ಸಾವಿರಾರು ವರ್ಷದ ಹಿಂದೆ ಒಬ್ಬ ಮನುಷ್ಯ ದಿನಗಟ್ಟಲೆ ಕೂತು ಕುಟ್ಟಿದ ಗೂಳಿ. ಅದರ ಕೊಂಬಿನ ಮೇಲೆ ನನ್ನ ಹೆಸರಿನ ಅಕ್ಷರ.

ನಿಮ್ಮಲ್ಲೊಬ್ಬ, "ಆದ್ರೂ ಒಳ್ಳೇ ಸಾಕ್ಷಿನೇ ಅಲ್ವಾ ಪಾಸ್ಟರ್?" ಅಂತ ಕೇಳಿದ. ನಾನು ಉತ್ತರ ಕೊಡದೇ ಮುಂದೆ ನಡೆದೆ. ಇಡೀ ದಿನ ನಿಮಗೆ ಪಾಠ ಹೇಳಿದೆ, ಕುರುಗೋಡಿನಲ್ಲಿ ಒಬ್ಬ ತಮ್ಮನ ಫೋನ್ ಇಸ್ಕೊಂಡೆ, ಆದರೆ ಇದನ್ನು ಹೇಳಲಿಲ್ಲ. ಬರೆದದ್ದು ಹತ್ತೊಂಬತ್ತರ ಹುಡುಗನ ಅಜ್ಞಾನ. ಸುಮ್ಮನಿದ್ದದ್ದು ಪಾಸ್ಟರನ ಹೆದರಿಕೆ. ಎರಡನೆಯದೇ ದೊಡ್ಡ ತಪ್ಪು. ತಮ್ಮಾ, ನಿನ್ನ ಪ್ರಶ್ನೆಗೆ ಇವತ್ತು ಉತ್ತರ: ಇಲ್ಲ, ಅದು ಒಳ್ಳೆಯ ಸಾಕ್ಷಿ ಅಲ್ಲ. ಅದನ್ನು ಬರೆದವನು ನಾನೇ. ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ.

ಮಂಗಳವಾರ ಒಬ್ಬನೇ ಹೋಗಿ ಆ ಹುಡುಗನಿಗೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಬಂದು ಹೇಳಿದ್ರಲ್ಲ ಸರ್, ಸಾಕು" ಅಂದ. ಥಿನ್ನರ್ ತಂದಿದ್ದೀನಿ, ಒರೆಸ್ತೀನಿ ಅಂದೆ. "ಮುಟ್ಟಬ್ಯಾಡ್ರಿ ಸರ್. ತಿಕ್ಕಿದ್ರ ಕಲ್ಲಿನ ಮೇಲ್ಪದರ ಹೋಗತ್ತ, ಗೂಳಿನೂ ಹೋಗತ್ತ. ತಿಳಿದೋರೇ ಬಂದು ತೆಗೀಬೇಕು" ಅಂದ. ಸಂಬಂಧಪಟ್ಟ ಕಚೇರಿಗೆ ನನ್ನ ಹೆಸರು, ವಿಳಾಸ ಹಾಕಿ ಪತ್ರ ಬರೆದು ಕೊಟ್ಟಿದ್ದೇನೆ. ರಕ್ಷಿತ ಸ್ಮಾರಕವನ್ನು ಕೆಡಿಸಿದರೆ 1958ರ ಕಾನೂನಿನ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ ಎಂಬುದು ನಿಮಗೂ ಗೊತ್ತಿರಲಿ. ಏನು ಬಂದರೂ ಬರಲಿ.

ದೇವರು ನನ್ನನ್ನು ಕ್ಷಮಿಸಿದ್ದಾನೆ, ಅದರಲ್ಲಿ ಸಂಶಯ ಇಲ್ಲ. ಆದರೆ ಪೇಂಟು ಇನ್ನೂ ಅಲ್ಲೇ ಇದೆ. ಪಾಪ ಕ್ಷಮೆಯಾಗುವುದು ಬೇರೆ, ಪಾಪದ ಗುರುತು ಅಳಿಸುವುದು ಬೇರೆ. ಯೌವನದಲ್ಲಿ ಇದನ್ನು ಯಾರಾದರೂ ನನಗೆ ಹೇಳಿದ್ದರೆ ಚೆನ್ನಾಗಿತ್ತು.

5. ಹೆಸರು ಬರೆಯುವ ಆಸೆ

ನಾನೊಬ್ಬನೇ ಅಲ್ಲ. 2013ರಲ್ಲಿ ಲಕ್ಸರಿನ ಪುರಾತನ ಗುಡಿಯ ಗೋಡೆಯ ಮೇಲೆ ವಿದೇಶದಿಂದ ಬಂದ ಒಬ್ಬ ಹುಡುಗ ತನ್ನ ಹೆಸರು ಕೆತ್ತಿದ್ದು ಲೋಕಕ್ಕೆಲ್ಲ ಸುದ್ದಿಯಾಯಿತು. ಅವನ ತಂದೆತಾಯಿ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ನಮ್ಮ ವಿಶ್ವಾಸದವರೂ ಮಾಡಿದ್ದಾರೆ. ನೈಲ್ ನದಿಯ ಫಿಲೆ ದ್ವೀಪದ ಗುಡಿಯಲ್ಲಿ 6ನೇ ಶತಮಾನದ ಕ್ರೈಸ್ತರು ಹಳೆಯ ಕೆತ್ತನೆಗಳ ಮೇಲೆ ಶಿಲುಬೆ ಕೊರೆದರು. ಅವು ಇನ್ನೂ ಕಾಣುತ್ತವೆ.

ಅರಸರ ಕಥೆಯೂ ಇದೇ. ಮೆರ್ನೆಪ್ತಾ ಎಂಬ ಫರೋಹನು ಸುಮಾರು ಕ್ರಿ.ಪೂ. 1208ರಲ್ಲಿ ಒಂದು ದೊಡ್ಡ ಕಲ್ಲಿನ ಮೇಲೆ ತನ್ನ ಜಯಗಳನ್ನು ಬರೆಸಿದ. ಆ ಕಲ್ಲು 1896ರಲ್ಲಿ ಸಿಕ್ಕಿತು. ಸತ್ಯವೇದದ ಹೊರಗೆ ಇಸ್ರಾಯೇಲ್ ಎಂಬ ಹೆಸರು ಸಿಗುವ ಅತಿ ಹಳೆಯ ಬರಹಗಳಲ್ಲಿ ಅದು ಮುಖ್ಯವಾದದ್ದು. ಅದರಲ್ಲಿ ಅವನು ಕೊಚ್ಚಿಕೊಂಡದ್ದು ಏನು ಗೊತ್ತೇ? ಇಸ್ರಾಯೇಲ್ ನಾಶವಾಯಿತು, ಅದರ ಸಂತತಿ ಉಳಿದಿಲ್ಲ ಎಂದು! ಅವನ ಕಲ್ಲು ಇವತ್ತು ಕೈರೋದಲ್ಲಿದೆ. ಅವನ ಒಣಗಿದ ದೇಹವನ್ನು 2021ರಲ್ಲಿ ಇನ್ನೂ 21 ರಾಜವಂಶದವರ ದೇಹಗಳ ಜೊತೆ ಮೆರವಣಿಗೆಯಲ್ಲಿ ಹೊಸ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಮುಗಿದುಹೋಯಿತೆಂದು ಅವನು ಬರೆಸಿದ ಜನರ ವಂಶದಲ್ಲಿ ನಮ್ಮ ರಕ್ಷಕನು ಹುಟ್ಟಿದನು. ದೇವರಿಗೆ ಸ್ತೋತ್ರ!

ದೂರ ಯಾಕೆ, ನಮ್ಮ ಬಳ್ಳಾರಿ ಕೋಟೆಯನ್ನೇ ನೋಡಿ. ಹೈದರಾಲಿ ಫ್ರೆಂಚ್ ಎಂಜಿನಿಯರನಿಂದ ಅದನ್ನು ಭದ್ರಪಡಿಸಿದ. ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವಿದೆ ಅಂತ ಗೊತ್ತಾಗಿ ಆ ಎಂಜಿನಿಯರನನ್ನೇ ಗಲ್ಲಿಗೇರಿಸಿದ ಅಂತ ಜನ ಹೇಳುವ ಕಥೆ. ಕಥೆ ಹೇಗೇ ಇರಲಿ, ಪಾಠ ಸರಿ ಇದೆ. ನಾವು ಕಟ್ಟಿದ್ದಕ್ಕಿಂತ ಎತ್ತರದ್ದು ಒಂದು ಯಾವಾಗಲೂ ಎದುರಿಗೆ ಇರುತ್ತದೆ.

ಹಾಗಾದರೆ ಏನು ಬಿಟ್ಟುಹೋಗಬೇಕು? ಕೊನೆಗೆ ಸಿರುಗುಪ್ಪದಲ್ಲಿ ನಿಂತೆವಲ್ಲ. ಎಲ್ಲಿ ನೋಡಿದರೂ ಭತ್ತದ ಗದ್ದೆ, ಬೆಳ್ಳಕ್ಕಿ. ತುಂಗಭದ್ರೆಯಿಂದ ವಿಜಯನಗರದ ಕಾಲದಲ್ಲಿ ತೆಗೆದ ಕಾಲುವೆಗಳಲ್ಲಿ ಸಿರುಗುಪ್ಪ, ದೇಶನೂರು ಕಾಲುವೆಗಳೂ ಸೇರಿವೆ. ಹಂಪಿಯ ಅರಮನೆ ಬಿದ್ದು 450 ವರ್ಷ ಆಯಿತು, ಕಾಲುವೆ ಇನ್ನೂ ಹೊಲಕ್ಕೆ ನೀರು ಹಾಯಿಸುತ್ತಿದೆ. ಅದನ್ನು ನೋಡಲು ಯಾರೂ ಟಿಕೆಟ್ ತಗೊಂಡು ಬರುವುದಿಲ್ಲ. ಆದರೆ ಆ ನೀರಿನ ಅನ್ನ ನಾವು ತಿನ್ನುತ್ತೇವೆ.

ನಮ್ಮ ಊರಿನಲ್ಲಿ ಇನ್ನೊಂದು ಅಂಥ ಕಾಲುವೆ ಇದೆ. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಕನ್ನಡ ಕಲಿತು ವರ್ಷಗಟ್ಟಲೆ ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಕನ್ನಡದ ಮೊದಲ ಸಂಪೂರ್ಣ ಸತ್ಯವೇದ ಇದೇ ಬಳ್ಳಾರಿಯಲ್ಲಿ ಅಚ್ಚಾಯಿತು. ಯೋಸೇಫನ ಕಥೆ, ಮೋಶೆಯ ಕಥೆ, ಕೆಂಪು ಸಮುದ್ರ, ಎಲ್ಲವೂ ಒಂದೇ ಗ್ರಂಥದಲ್ಲಿ ಕನ್ನಡಕ್ಕೆ ಬಂದದ್ದು ನಮ್ಮ ಊರಿನಿಂದ. ಅವರು ಬಂಡೆಯ ಮೇಲೆ ಬರೆದು ಹೋಗಲಿಲ್ಲ. ಜನ ಓದುವ ಹಾಗೆ ಬರೆದರು.

ಯೋಸೇಫನಿಂದ ಮುಗಿಸುತ್ತೇನೆ. ಆದಿಕಾಂಡದ ಕೊನೆಯ ವಚನ ನೋಡಿ: ಯೋಸೇಫನು ಸತ್ತಾಗ ಐಗುಪ್ತ್ಯರ ಪದ್ಧತಿಯಂತೆ ಅವನ ದೇಹಕ್ಕೆ ಸುಗಂಧದ್ರವ್ಯ ತುಂಬಿ ಪೆಟ್ಟಿಗೆಯಲ್ಲಿಟ್ಟರು. ಅವನ ಪದವಿಗೆ ದೊಡ್ಡ ಸಮಾಧಿ ಕಟ್ಟಿಸಿಕೊಳ್ಳಬಹುದಿತ್ತು. ನಾವು ಇವತ್ತು ಟಿಕೆಟ್ ತಗೊಂಡು ನೋಡಬಹುದಾಗಿತ್ತು. ಅವನು ಕೇಳಿದ್ದು ಒಂದೇ: ದೇವರು ನಿಮ್ಮನ್ನು ಕರಕೊಂಡು ಹೋಗುವಾಗ ನನ್ನ ಎಲುಬುಗಳನ್ನೂ ಹೊತ್ತುಕೊಂಡು ಹೋಗಿ. ಇಬ್ರಿಯರಿಗೆ 11:22 ಅದನ್ನೇ ಅವನ ನಂಬಿಕೆ ಅನ್ನುತ್ತದೆ. ಅವನು ಐಗುಪ್ತಕ್ಕೆ ದುಡಿದ, ಬರಗಾಲದಲ್ಲಿ ಅದಕ್ಕೆ ಅನ್ನ ಕೊಟ್ಟ, ಅದರ ಭಾಷೆ ಆಡಿದ, ಅದನ್ನು ಅಸಹ್ಯಪಡಲಿಲ್ಲ. ಆದರೆ ತನ್ನ ಹೆಸರನ್ನು ಅದರ ಕಲ್ಲಿನಲ್ಲಿ ಊರಲಿಲ್ಲ.

ತಂಗೀ, ನಿನ್ನ ಪ್ರಶ್ನೆಗೆ ಉತ್ತರ: ಹೋಗಿ ಬಾ. ಸಾಲ ಮಾಡಬೇಡ, ಕೂಡಿಟ್ಟ ದುಡ್ಡಿನಲ್ಲಿ ಹೋಗು. ಕಣ್ಣು ತೆರೆದು ನೋಡು. ಅಲ್ಲಿನ ಕೋಪ್ಟಿಕ್ ಸಭೆಗಳನ್ನೂ ನೋಡು, ಎಷ್ಟೋ ಶತಮಾನಗಳ ಕಷ್ಟದಲ್ಲಿ ನಂಬಿಕೆ ಕಾಪಾಡಿಕೊಂಡ ಜನ ಅವರು. ಏನನ್ನೂ ಮುರಿದು ತರಬೇಡ, ಏನನ್ನೂ ಬರೆದು ಬರಬೇಡ. ವಾಪಸ್ ಬಂದು ಇಲ್ಲಿ ನಿಂತು ನಮಗೆ ಹೇಳು.

ಈ ವಾರದ ಗುಂಪು ಅಧ್ಯಯನಕ್ಕೆ

1. ಅಪೊಸ್ತಲರ ಕೃತ್ಯಗಳು 17:16-23 ಓದಿ. ಪೌಲನು ಮಾತಾಡುವ ಮೊದಲು ಏನೇನು ಮಾಡಿದನು? ನಾವು ಯಾವುದನ್ನು ಬಿಟ್ಟು ನೇರ ಮಾತಿಗೆ ಹೋಗುತ್ತೇವೆ?

2. ಬೇರೆ ನಂಬಿಕೆಯ ಒಬ್ಬ ನೆರೆಯವರು ನಿಮ್ಮ ಬಗ್ಗೆ 19:37ರ ಸಾಕ್ಷಿ ಹೇಳಬಲ್ಲರೇ? ಇಲ್ಲವಾದರೆ ಯಾರ ಬಳಿ ಹೋಗಿ ಮಾತಾಡಬೇಕು?

3. ಕ್ಷಮೆ ಸಿಕ್ಕಿದರೂ ಗುರುತು ಉಳಿದಿರುವ ಯಾವುದಾದರೂ ಕೆಲಸ ನಿಮ್ಮದು ಇದೆಯೇ? ಅದನ್ನು ಯಾರಿಗೆ ಒಪ್ಪಿಕೊಳ್ಳಬೇಕು?

4. ನಿಮ್ಮ ಮನೆಯಿಂದ ಒಂದು ತಾಸಿನ ದಾರಿಯಲ್ಲಿರುವ ಒಂದು ಹಳೆಯ ಜಾಗಕ್ಕೆ ಹೋಗಿ. ಫೋನ್ ತೆಗೆಯುವ ಮೊದಲು ಹತ್ತು ನಿಮಿಷ ಸುಮ್ಮನೆ ನೋಡಿ. ಕಂಡದ್ದನ್ನು ಮುಂದಿನ ವಾರ ಹಂಚಿಕೊಳ್ಳಿ.

ಪ್ರಾರ್ಥನೆ ಮಾಡೋಣ. ಎಲ್ಲರೂ ಎದ್ದು ನಿಲ್ಲಿ.

ಪರಲೋಕದ ತಂದೆಯೇ, ನಮ್ಮ ಹೆಸರನ್ನು ನಿನ್ನ ಅಂಗೈಯಲ್ಲಿ ಇಟ್ಟುಕೊಂಡಿರುವವನೇ, ಬಂಡೆಯ ಮೇಲೆ ಹೆಸರು ಬರೆಯುವ ಹಂಬಲದಿಂದ ನಮ್ಮನ್ನು ಬಿಡಿಸು. ಈ ನೆಲದಲ್ಲಿ ನಮಗಿಂತ ಮುಂಚೆ ಬದುಕಿ, ದುಡಿದು, ಅತ್ತು ಹೋದವರನ್ನು ಗೌರವದಿಂದ ನೋಡುವ ಕಣ್ಣು ಕೊಡು. ನಿನಗಾಗಿ ಮಾಡುತ್ತೇವೆಂದು ಹೇಳಿ ನಾವು ಕೆಡಿಸಿದ್ದನ್ನು ಒಪ್ಪಿಕೊಳ್ಳುವ ಧೈರ್ಯ ಕೊಡು. ಪ್ರಯಾಣ ಮಾಡುವ ಈ ಮಕ್ಕಳನ್ನು ಹೋಗುವಾಗಲೂ ಬರುವಾಗಲೂ ಕಾಪಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.